ನಾಲ್ವರು ಹೊತ್ತು ತಂದ ಕಿರುಗೋಳಿ: ದೊಡ್ಡ ಬೋನ್ಸಾಯ್ ಮರವೊಂದರ ವಿಮರ್ಶೆ

2022ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೊರವಲಯದ ನರ್ಸರಿಯೊಂದರಿಂದ ನಾನು 42,000 ರೂಪಾಯಿ ಕೊಟ್ಟು ಕೊಂಡ, ಆಳವಿಲ್ಲದ ತಟ್ಟೆಯಲ್ಲಿ ಕುಬ್ಜವಾಗಿ ಬೆಳೆಸಿದ ಕಿರುಗೋಳಿ ಮರವು (ಆಲ, ಅರಳಿಗಳ ಫೈಕಸ್ ಕುಲದ್ದೇ) ಈಗ ನಮ್ಮ ಮನೆಯ ತಾರಸಿಯಲ್ಲಿ, ಪೂರ್ವ ದಿಕ್ಕಿನ ಮೋಟುಗೋಡೆಯ ಪಕ್ಕದಲ್ಲಿ ನಿಂತಿದೆ. ಮಣ್ಣಿನ ಮಟ್ಟದಿಂದ ತುದಿಯ ಚಿಗುರಿನವರೆಗೆ ಅದರ ಎತ್ತರ 95 ಸೆಂಟಿಮೀಟರ್, ಎಡದ ಕೊನೆಯ ಎಲೆಯಿಂದ ಬಲದ ಕೊನೆಯ ಎಲೆಯವರೆಗಿನ ಹರವು 120 ಸೆಂಟಿಮೀಟರ್, ಬುಡದ ದಪ್ಪ 18 ಸೆಂಟಿಮೀಟರ್. ಇಷ್ಟು ದೊಡ್ಡ ಬೋನ್ಸಾಯ್ ಮನೆಗೆ ಬೇಕೇ, ಕೊಟ್ಟ ಹಣಕ್ಕೆ ಅದು ತಕ್ಕುದೇ, ಅದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಉತ್ತರಿಸುತ್ತ ಬಂದಿದ್ದೇನೆ. ಮೂರೂವರೆ ವರ್ಷ, ನಾಲ್ಕು ಮಳೆಗಾಲ ಕಳೆದ ಮೇಲೆ ಒಟ್ಟಾಗಿ ಹೇಳುವಷ್ಟು ಅನುಭವ ಸೇರಿದೆ ಎನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೊಂಡದ್ದು ಈ ಮರವನ್ನಲ್ಲ. ಅದಕ್ಕೂ ಎರಡು ವರ್ಷ ಮುಂಚೆ, ಒಂದು ಪ್ರದರ್ಶನದ ಮಳಿಗೆಯಲ್ಲಿ, ಅಂಗೈಯಗಲದ ಪಿಂಗಾಣಿ ಕುಂಡದಲ್ಲಿ ಗೆಣಸಿನಂತೆ ಊದಿದ ಬೇರುಗಳ ಮೇಲೆ ನಿಂತಿದ್ದ ಒಂದಡಿಯ ಗಿಡವನ್ನು "ಐವತ್ತು ವರ್ಷದ ಮರ" ಎಂಬ ಮಾತನ್ನು ನಂಬಿ ತಂದಿದ್ದೆ. ಅದು ಜಿನ್ಸೆಂಗ್ ಫೈಕಸ್ ಎಂಬ ಹೆಸರಿನಲ್ಲಿ ರಾಶಿರಾಶಿಯಾಗಿ ಬೆಳೆಸಿ ಮಾರುವ ಗಿಡವೆಂದೂ, ಬೇರು ದಪ್ಪವಾದ ಮೇಲೆ ತಲೆ ಕತ್ತರಿಸಿ, ಸಣ್ಣ ಎಲೆಯ ಬೇರೊಂದು ತಳಿಯ ಕಡ್ಡಿಗಳನ್ನು ಅದಕ್ಕೆ ಕಸಿ ಮಾಡಿರುತ್ತಾರೆಂದೂ ಆಮೇಲೆ ತಿಳಿಯಿತು. ಕಸಿಯ ಗಂಟಿನ ಕೆಳಗಿನಿಂದ ಬಂದ ಚಿಗುರಿನ ಎಲೆಗಳು ಒಂದು ಬಗೆ, ಮೇಲಿನವು ಇನ್ನೊಂದು ಬಗೆ. ಅದು ಒಳ್ಳೆಯ ಮನೆಯ ಗಿಡವೇ ಇರಬಹುದು, ಆದರೆ ಅದರಲ್ಲಿ ಮರದ ಆಕಾರ ಎಂದೂ ಮೂಡಲಿಲ್ಲ. ಕಸಿ ಗಂಟಿನ ಮೇಲೆ ಕಡ್ಡಿಗಳು, ಕಡ್ಡಿಗಳ ಮೇಲೆ ಎಲೆಗಳು, ಅಷ್ಟೇ. ನಾನು ಒಂದು ಬೇಸಿಗೆಯಲ್ಲಿ ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಆ ಪುಟ್ಟ ಕುಂಡದ ಮಣ್ಣು ಇಟ್ಟಿಗೆಯಂತೆ ಒಣಗಿ ಗಿಡ ಸತ್ತಿತ್ತು.

ನನ್ನ ಮನಸ್ಸಿನಲ್ಲಿದ್ದ ಮರ ಬೇರೆ. ಚಿಕ್ಕವನಿದ್ದಾಗ ರಾಮೋಹಳ್ಳಿಯ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೋಡಲು ಹೋಗಿದ್ದೆವು. ಸುಮಾರು ಮೂರು ಎಕರೆ ಹರಡಿಕೊಂಡಿರುವ ಆ ಮರದ ಮೂಲ ಕಾಂಡ ರೋಗದಿಂದ ಅಳಿದುಹೋಗಿದೆ. ಇಂದು ನಿಂತಿರುವುದೆಲ್ಲ ಬಿಳಲು ಇಳಿದು ಕಾಂಡವಾದ ಮರ. ಮರವೆಂದರೆ ಒಂದು ಕಂಬ, ಅದರ ಮೇಲೆ ಒಂದು ಕೊಡೆ ಎಂದು ಸ್ಲೇಟಿನಲ್ಲಿ ಚಿತ್ರ ಬಿಡಿಸುತ್ತಿದ್ದ ಹುಡುಗನಿಗೆ, ಮೇಲಿನಿಂದ ಕೆಳಕ್ಕೆ ಬೆಳೆದು ನೆಲವನ್ನು ಮುಟ್ಟುವ ಮರವೂ ಇದೆ ಎಂಬುದು ಬಹಳ ದಿನ ತಲೆಯಲ್ಲಿ ಕುಳಿತಿತ್ತು. ಬೋನ್ಸಾಯ್ ಕೊಳ್ಳಬೇಕೆಂಬ ಆಸೆ ಹುಟ್ಟಿದಾಗ ನಾನು ಹುಡುಕುತ್ತಿದ್ದದ್ದು ಜಪಾನಿನ ಪೈನ್ ಅಲ್ಲ, ಆ ಬಿಳಲುಗಳನ್ನು.

ಅದು ದೊಡ್ಡ ಅಳತೆಯಲ್ಲಿ ಮಾತ್ರ ಸಾಧ್ಯ ಎಂಬುದು ಮನದಟ್ಟಾದದ್ದು ಮೈಸೂರಿನಲ್ಲಿ. ನಂಜನಗೂಡು ರಸ್ತೆಯ ಅವಧೂತ ದತ್ತ ಪೀಠದ ಆಶ್ರಮದೊಳಗಿನ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ನೋಡದೆ ಯಾರೂ ದೊಡ್ಡ ಬೋನ್ಸಾಯ್‌ಗೆ ಹಣ ಕೊಡಬಾರದು ಎಂದೇ ನಾನು ಹೇಳುತ್ತೇನೆ. ಆಶ್ರಮಕ್ಕೆ ಹೋದವರಲ್ಲಿ ಹೆಚ್ಚಿನವರು ಗಿಳಿಗಳ ಶುಕವನವನ್ನು ನೋಡಿ ಹೊರಟುಬಿಡುತ್ತಾರೆ. ಪಕ್ಕದಲ್ಲೇ ಇರುವ ಈ ತೋಟಕ್ಕೆ ಒಂದು ಗಂಟೆಯಾದರೂ ಮೀಸಲಿಡಬೇಕು. ನೂರಾರು ಮರಗಳು ಸಾಲಾಗಿ ನಿಂತಿರುವ ಅಲ್ಲಿ, ಗೇಣುದ್ದದ ಗಿಡವನ್ನೂ ಎದೆಯೆತ್ತರದ ಗಿಡವನ್ನೂ ಒಂದೇ ನೋಟದಲ್ಲಿ ಹೋಲಿಸಬಹುದು. ನಾನು ಅಲ್ಲಿ ನಿಂತು ಬಹಳ ಹೊತ್ತು ನೋಡಿದ್ದು ಆಲ, ಅರಳಿ, ಅತ್ತಿ, ಬಸರಿಗಳ ಎಲೆಗಳನ್ನು.

ಬೋನ್ಸಾಯ್ ಕಲೆಯಲ್ಲಿ ಕಾಂಡವನ್ನು ಬಾಗಿಸಬಹುದು, ಕೊಂಬೆಯನ್ನು ಕಿರಿದಾಗಿಸಬಹುದು, ಎಲೆಗಳನ್ನು ಕತ್ತರಿಸಿ ಮರುಹುಟ್ಟು ತರಿಸಿ ಅವುಗಳ ಅಗಲವನ್ನೂ ಸಾಕಷ್ಟು ತಗ್ಗಿಸಬಹುದು. ಹೂವು ಮತ್ತು ಹಣ್ಣು ಮಾತ್ರ ಮರದ ಸಹಜ ಗಾತ್ರದಲ್ಲೇ ಬರುತ್ತವೆ. ಎಲೆಯನ್ನು ತಗ್ಗಿಸುವುದಕ್ಕೂ ಒಂದು ಮಿತಿಯಿದೆ. ಜಪಾನಿನ ಪೈನ್, ಜುನಿಪರ್‌ಗಳ ಎಲೆ ಹುಟ್ಟಿನಿಂದಲೇ ಸೂಜಿಯಂತೆಯೋ ಹುರುಪೆಯಂತೆಯೋ ಇರುವುದರಿಂದ ಅಲ್ಲಿ ಗೇಣುದ್ದದ ಗಿಡವೂ ಬೆಟ್ಟದ ಮೇಲಿನ ಮುದಿಮರದಂತೆ ಕಾಣುತ್ತದೆ. ನಮ್ಮ ಆಲದ ಎಲೆ ಅಂಗೈಗಿಂತ ದೊಡ್ಡದು. ಅದನ್ನು ಎಷ್ಟೇ ಪಳಗಿಸಿದರೂ ಎರಡೂವರೆ, ಮೂರು ಅಂಗುಲಕ್ಕಿಂತ ಕೆಳಗಿಳಿಸುವುದು ಕಷ್ಟ. ಒಂದಡಿಯ ಗಿಡದಲ್ಲಿ ಅಂತಹ ಎಂಟು ಹತ್ತು ಎಲೆಗಳಿದ್ದರೆ ಕಾಂಡವೇ ಮರೆಯಾಗುತ್ತದೆ. ಅದು ಕುಂಡದಲ್ಲಿಟ್ಟ ಸಸಿ, ಮರವಲ್ಲ. ಅದೇ ಎಲೆ ಮೂರಡಿ ಎತ್ತರದ, ತೋಳಿನಷ್ಟು ದಪ್ಪದ ಕೊಂಬೆಗಳಿರುವ ಮರದ ಮೇಲೆ ನೂರಾರು ಸಂಖ್ಯೆಯಲ್ಲಿ ಹರಡಿದಾಗ, ಮೊದಲ ಬಾರಿಗೆ ಅದು ಎಲೆಯಾಗಿ ಕಾಣದೆ ನೆರಳಾಗಿ ಕಾಣುತ್ತದೆ. ದೊಡ್ಡ ಬೋನ್ಸಾಯ್ ಶ್ರೀಮಂತಿಕೆಯ ಪ್ರದರ್ಶನವೆಂದು ಹಲವರು ಭಾವಿಸುತ್ತಾರೆ. ನನ್ನ ತಿಳಿವಳಿಕೆಯಲ್ಲಿ, ನಮ್ಮ ನಾಡಿನ ಮರಗಳ ಮಟ್ಟಿಗೆ, ಅದು ಪ್ರಮಾಣದ ಅಗತ್ಯ.

ಜಪಾನೀಯರು ಬೋನ್ಸಾಯ್‌ಗಳನ್ನು ಎಷ್ಟು ಕೈಗಳು ಸೇರಿ ಎತ್ತಬೇಕು ಎಂಬುದರಿಂದಲೂ ಅಳೆಯುತ್ತಾರೆ. ಒಂದು ಕೈಯಲ್ಲಿ ಹಿಡಿಯುವಂಥದ್ದು, ಎರಡು ಕೈಯ ಮರ, ನಾಲ್ಕು ಕೈಯ ಮರ, ಅಲ್ಲಿಂದ ಮೇಲೆ ಆರು, ಎಂಟು ಕೈಗಳ ಮರ. ಟೋಕಿಯೋದ ಅರಮನೆಯ ಸಂಗ್ರಹದಲ್ಲಿರುವ ದೊಡ್ಡ ಮರಗಳು ಈ ಕೊನೆಯ ಗುಂಪಿನವು. ನಮ್ಮ ಮನೆಯ ಕಿರುಗೋಳಿ ಅಳತೆಪಟ್ಟಿಯ ಪ್ರಕಾರ ನಾಲ್ಕು ಕೈಯ ಮರ. ನಾಲ್ಕು ಕೈಗಳಿಂದ, ಅಂದರೆ ಇಬ್ಬರಿಂದ, ಅದನ್ನು ಮಹಡಿಗೆ ಏರಿಸಲಾಗುವುದಿಲ್ಲ ಎಂಬುದು ಅದು ಮನೆಯ ಮುಂದೆ ಬಂದಿಳಿದ ದಿನ ಗೊತ್ತಾಯಿತು. ನಾಲ್ವರು ಹೊರಬೇಕಾಯಿತು.

ನರ್ಸರಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿನ ಮಾಲೀಕರ ಒಂದು ಗುಣವನ್ನು ಮೊದಲೇ ಹೇಳಬೇಕು: ಮರದ ವಯಸ್ಸನ್ನು ಅವರು ಹಿಗ್ಗಿಸಲಿಲ್ಲ. ಕಡ್ಡಿಯಿಂದ ಬೆಳೆಸಿದ್ದು, ಹನ್ನೆರಡು ವರ್ಷ ನೆಲದಲ್ಲಿತ್ತು, ಕಿತ್ತು ಕುಂಡಕ್ಕೆ ಹಾಕಿ ಎಂಟು ವರ್ಷವಾಯಿತು ಎಂದರು. ದಪ್ಪ ಕಾಂಡದ ಬೋನ್ಸಾಯ್ ಹುಟ್ಟುವ ಬಗೆಯೇ ಇದು. ಕುಂಡದಲ್ಲಿ ಕಾಂಡ ದಪ್ಪವಾಗುವುದು ಬಹಳ ನಿಧಾನ, ಆದ್ದರಿಂದ ಗಿಡವನ್ನು ನೆಲದಲ್ಲಿ ಸ್ವಚ್ಛಂದವಾಗಿ ಬೆಳೆಯಗೊಟ್ಟು, ಬೇಕಾದ ದಪ್ಪ ಬಂದ ಮೇಲೆ ಮೊಣಕಾಲೆತ್ತರಕ್ಕೆ ಕಡಿದು, ಹೊಸದಾಗಿ ಹೊರಟ ಚಿಗುರುಗಳಿಂದ ಕೊಂಬೆಗಳನ್ನು ರೂಪಿಸುತ್ತಾರೆ. ಕಡಿದ ಗಾಯ ಎಲ್ಲಿದೆ, ಅದು ಎಷ್ಟು ಮುಚ್ಚಿಕೊಂಡಿದೆ ಎಂದು ನೋಡಿದರೆ ಬೆಳೆಸಿದವರ ಕೈ ಎಂಥದ್ದೆಂದು ತಿಳಿಯುತ್ತದೆ. ನನ್ನ ಮರದಲ್ಲಿ ಆ ಗಾಯ ಹಿಂಬದಿಯಲ್ಲಿದೆ, ಮುಕ್ಕಾಲು ಪಾಲು ತೊಗಟೆ ಹೊದ್ದುಕೊಂಡಿದೆ. ಅದನ್ನು ಅವರೇ ಮರವನ್ನು ತಿರುಗಿಸಿ ತೋರಿಸಿದರು.

ಎರಡನೆಯದಾಗಿ ನೋಡಬೇಕಾದದ್ದು ಬುಡದ ಬೇರುಗಳ ಹರವು. ಬೋನ್ಸಾಯ್ ಬೆಳೆಸುವವರು ಇದನ್ನು ನೆಬಾರಿ ಎನ್ನುತ್ತಾರೆ. ಬೇರುಗಳು ಕಾಂಡದ ಸುತ್ತ ಎಲ್ಲ ದಿಕ್ಕಿಗೂ ಹೊರಟು ಮಣ್ಣನ್ನು ಹಿಡಿದಿರಬೇಕು. ಒಂದರ ಮೇಲೊಂದು ಸುತ್ತಿಕೊಂಡಿರಬಾರದು. ಕೊಂಬೆಗಳನ್ನು ಮುಂದೆ ನಾವು ತಿದ್ದಿಕೊಳ್ಳಬಹುದು, ಬುಡವನ್ನು ತಿದ್ದುವುದು ಬಹು ಕಷ್ಟ, ಆದ್ದರಿಂದ ದುಡ್ಡು ಕೊಡುವುದು ಬುಡಕ್ಕೆ ಎಂದು ತಿಳಿದವರು ಹೇಳುತ್ತಾರೆ. ಅದೇ ನರ್ಸರಿಯಲ್ಲಿ ಹಳೆಯ ಮನೆಗಳ ಗೋಡೆಯ ಬಿರುಕಿನಿಂದ ಕಿತ್ತು ತಂದ ಆಲ, ಅರಳಿ ಗಿಡಗಳ ಒಂದು ಸಾಲೂ ಇತ್ತು. ಹಕ್ಕಿಗಳು ಹಾಕಿದ ಬೀಜ ಸುಣ್ಣದ ಗಾರೆಯಲ್ಲಿ ಮೊಳೆತು, ನೀರಿಗಾಗಿ ಗೋಡೆಯನ್ನೇ ಹುಡುಕಿ ಹುಡುಕಿ, ಸಹಜವಾಗಿಯೇ ಕುಬ್ಜವಾಗಿ ಗಂಟುಗಂಟಾದ ಗಿಡಗಳವು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಕೆಡವುವಾಗ ಜೆಸಿಬಿಯ ಬಾಯಿಗೆ ಹೋಗುವ ಇಂಥ ಗಿಡಗಳನ್ನು ಬದುಕಿಸುವುದು ಒಳ್ಳೆಯ ಕೆಲಸ. ಅವುಗಳಲ್ಲಿ ಒಂದರ ಬುಡಕ್ಕೆ ಇಟ್ಟಿಗೆಯ ಚೂರೊಂದು ಇನ್ನೂ ಅಂಟಿಕೊಂಡಿತ್ತು, ಬೇರು ಅದನ್ನು ಬಿಟ್ಟಿರಲಿಲ್ಲ. ನನಗೆ ಆ ಗಿಡದ ಮೇಲೂ ಮನಸ್ಸಾಗಿತ್ತು, ಆದರೆ ಅದರ ಕೊಂಬೆಗಳು ರೂಪಗೊಳ್ಳಲು ಇನ್ನೂ ಹತ್ತು ವರ್ಷ ಬೇಕಿತ್ತು.

ನರ್ಸರಿಯ ಕೊರತೆಯನ್ನೂ ಹೇಳಬೇಕು. ಮಾರುವ ಮುನ್ನ ಮರದ ಮಣ್ಣು ಬದಲಾಯಿಸಿ ಎಷ್ಟು ಕಾಲವಾಯಿತು ಎಂದು ಅವರು ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ತಂದು ಎರಡು ತಿಂಗಳಾಗುವಷ್ಟರಲ್ಲಿ, ಹಾಕಿದ ನೀರು ಮೇಲೆಯೇ ಹತ್ತು ಹದಿನೈದು ನಿಮಿಷ ನಿಲ್ಲತೊಡಗಿತು. ತಟ್ಟೆಯ ಕೆಳಗೆ ಕಡ್ಡಿ ತೂರಿಸಿ ನೋಡಿದರೆ ನಾಲ್ಕು ರಂಧ್ರಗಳಲ್ಲಿ ಮೂರು ಬೇರು ಬೆಳೆದು ಮುಚ್ಚಿಹೋಗಿದ್ದವು. ಮೇ ತಿಂಗಳಲ್ಲಿ ಮರವನ್ನು ಹೊರತೆಗೆದಾಗ ಬೇರುಗಳು ತಟ್ಟೆಯ ಆಕಾರದಲ್ಲೇ ಚಾಪೆಯಂತೆ ಹೆಣೆದುಕೊಂಡಿದ್ದವು, ಒಳಗಿನ ಮಣ್ಣು ಜೇಡಿಯಂತೆ ಅಂಟಾಗಿತ್ತು. ಇದನ್ನು ಫೋನಿನಲ್ಲಿ ತಿಳಿಸಿದಾಗ ಮಾಲೀಕರು ತಪ್ಪನ್ನು ಒಪ್ಪಿಕೊಂಡು ಒಬ್ಬ ಕೆಲಸಗಾರನನ್ನು ಕೂಲಿಯಿಲ್ಲದೆ ಕಳುಹಿಸಿದರು. ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ. ಕೊಳ್ಳುವವರು ಮಾತ್ರ ಈ ಪ್ರಶ್ನೆಯನ್ನು ತಪ್ಪದೆ ಮೊದಲೇ ಕೇಳಬೇಕು, ಒಂದು ಚೊಂಬು ನೀರನ್ನು ಅಲ್ಲಿಯೇ ಸುರಿದು ಅದು ಎಷ್ಟು ಬೇಗ ಇಂಗುತ್ತದೆ ಎಂದು ನೋಡಬೇಕು.

ಹೊಸ ಮಿಶ್ರಣದಲ್ಲಿ ಬಟಾಣಿ ಗಾತ್ರದ ಇಟ್ಟಿಗೆ ಚೂರು ಅರ್ಧದಷ್ಟು, ಉಳಿದದ್ದು ಒರಟು ಮರಳು ಮತ್ತು ಚೆನ್ನಾಗಿ ಕಳಿತ ಎಲೆಗೊಬ್ಬರ. ಕೆಮ್ಮಣ್ಣನ್ನು ಹಾಕಲೇ ಇಲ್ಲ. ಕೆಮ್ಮಣ್ಣು ನಮ್ಮ ಕಣ್ಣಿಗೆ ಚೆಂದ, ಆದರೆ ಆಳವಿಲ್ಲದ ತಟ್ಟೆಯಲ್ಲಿ ಅದು ಬೇಗ ಗಟ್ಟಿಯಾಗಿ ಬೇರಿಗೆ ಗಾಳಿಯಿಲ್ಲದಂತೆ ಮಾಡುತ್ತದೆ. ಜಪಾನ್ ಮತ್ತು ಇಂಗ್ಲೆಂಡಿನ ಹವೆಗೆ ಬರೆದ ಕೈಪಿಡಿಗಳು ವಸಂತದ ಆರಂಭದಲ್ಲಿ ಮಣ್ಣು ಬದಲಾಯಿಸಲು ಹೇಳುತ್ತವೆ. ಫೈಕಸ್ ಜಾತಿಯ ಮರಗಳಿಗೆ ನಮ್ಮಲ್ಲಿ ಬಿಸಿಲು ಬಲಿತು ಮಳೆ ಹತ್ತಿರವಾದ ಮೇ ತಿಂಗಳೇ ಸರಿ, ಏಕೆಂದರೆ ಕತ್ತರಿಸಿದ ಬೇರು ಬೆಚ್ಚಗಿನ ತೇವದಲ್ಲಿ ಎರಡು ಮೂರು ವಾರಗಳೊಳಗೆ ಹೊಸ ತುದಿ ಬಿಡುತ್ತದೆ.

ತೂಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಕೊಳ್ಳುವ ಸಂಭ್ರಮದಲ್ಲಿ ಯಾರೂ ಅದನ್ನು ಲೆಕ್ಕ ಹಾಕುವುದಿಲ್ಲ. ನನ್ನ ತಟ್ಟೆ ಸಿಮೆಂಟಿನದು. 80 ಸೆಂಟಿಮೀಟರ್ ಉದ್ದ, 55 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಎತ್ತರ. ಕಾಂಡದ ದಪ್ಪ ಎಷ್ಟೋ ತಟ್ಟೆಯ ಆಳ ಅಷ್ಟು ಎಂಬ ಹಳೆಯ ಅಳತೆಗೆ ಇದು ಸರಿಹೊಂದುತ್ತದೆ. ಒಳಗೆ ಹಿಡಿಯುವ ಮಣ್ಣು ಸುಮಾರು 56 ಲೀಟರ್, ನೆನೆದಾಗ ಅದೇ 80 ಕಿಲೋದಷ್ಟು ತೂಗುತ್ತದೆ. ತಟ್ಟೆಯದು 50 ಕಿಲೋಗಿಂತ ಹೆಚ್ಚು. ಮರವೂ ಸೇರಿದರೆ ಒಟ್ಟು ಭಾರ 150 ಕಿಲೋದ ಆಸುಪಾಸು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐ.ಎಸ್. 875 ಗೊತ್ತುಪಡಿಸುವ ಚರ ಭಾರವು (ಜನ, ಸಾಮಾನುಗಳ ಭಾರ) ಒಂದು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ನನ್ನ ಮರದ ಅಷ್ಟೂ ಭಾರ ಅರ್ಧ ಚದರ ಮೀಟರಿಗಿಂತ ಕಡಿಮೆ ಜಾಗದ ಮೇಲೆ ಕೂರುತ್ತದೆ. ಆದ್ದರಿಂದ ಕಟ್ಟಡ ಕಟ್ಟಿದ ಎಂಜಿನಿಯರನ್ನು ಕರೆಸಿ, ಕೆಳಗೆ ತೊಲೆ ಹಾದುಹೋಗುವ ಜಾಗವನ್ನು ಗುರುತು ಮಾಡಿಸಿ, ಅದರ ಮೇಲೆಯೇ ಗಟ್ಟಿ ಇಟ್ಟಿಗೆಯ ಎರಡು ಪೀಠ ಕಟ್ಟಿಸಿದೆ. ತಾರಸಿಯ ನಟ್ಟನಡುವೆ ಇಟ್ಟರೆ ಎಷ್ಟು ಚೆಂದ ಎಂದು ಮನೆಯವರಿಗೆಲ್ಲ ಅನಿಸಿತ್ತು. ಆದರೆ ಅಲ್ಲಿ ಇಡಬಾರದು. ಅಂಗಳ ಅಥವಾ ತೋಟವಿರುವವರಿಗೆ ಈ ಚಿಂತೆಯೇ ಇಲ್ಲ. ಫೈಬರ್ ತಟ್ಟೆ ಬಹಳ ಹಗುರ, ಬೆಲೆ ಹೆಚ್ಚು, ಗಾಳಿಗೆ ಉರುಳುವ ಭಯವುಂಟು. ಹೊಸ ಸಿಮೆಂಟ್ ತಟ್ಟೆಯಾದರೆ ಅದರಲ್ಲಿ ಗಿಡ ಹಾಕುವ ಮುನ್ನ ಒಂದೆರಡು ವಾರ ನೀರು ತುಂಬಿಸಿಟ್ಟು, ಆಗಾಗ ಚೆಲ್ಲಿ, ಸುಣ್ಣದ ಅಂಶವನ್ನು ಕಳೆಯಬೇಕು.

ಇಷ್ಟು ಭಾರವನ್ನು ಹೊರುವುದಕ್ಕೆ ಪ್ರತಿಯಾಗಿ ಸಿಗುವುದು ನೆಮ್ಮದಿ. ದೊಡ್ಡ ಮರವನ್ನು ಸಾಕುವುದು ಚಿಕ್ಕದನ್ನು ಸಾಕುವುದಕ್ಕಿಂತ ಸುಲಭ ಎಂದರೆ ಹೊಸಬರು ನಂಬುವುದಿಲ್ಲ. ಕಾರಣ ಸರಳ: ಒಂದು ಲೋಟ ಮಣ್ಣು ಏಪ್ರಿಲ್ ಬಿಸಿಲಿಗೆ ಅರ್ಧ ದಿನದಲ್ಲಿ ಒಣಗುತ್ತದೆ, 56 ಲೀಟರ್ ಮಣ್ಣು ಒಣಗಲು ಎರಡು ದಿನ ಬೇಕು. ನಾನು ಬೇಸಿಗೆಯಲ್ಲಿ ದಿನಕ್ಕೊಮ್ಮೆ, ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಹಾಕುತ್ತೇನೆ. ಒಂದು ತಪ್ಪು ಮಾಡಿದರೂ ಅದನ್ನು ತಿದ್ದಿಕೊಳ್ಳಲು ಮರ ಸಮಯ ಕೊಡುತ್ತದೆ.

2024ರ ಬೇಸಿಗೆ ಅದಕ್ಕೂ ಪರೀಕ್ಷೆಯೊಡ್ಡಿತು. ಆ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿತು. ನಮ್ಮ ಬೀದಿಯ ಕೊಳವೆಬಾವಿಯೂ ಬತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬೇಳೆ ನೆನೆಸಿದ ನೀರು ಎಲ್ಲವನ್ನೂ ಒಂದು ಡ್ರಮ್ಮಿಗೆ ತುಂಬಿ ಅದನ್ನೇ ಮರಕ್ಕೆ ಹಾಕಿದೆವು. ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ಹಾಕಬಹುದೆಂದು ಕೆಲವರು ಹೇಳಿದರು, ಆದರೆ ಅದರಲ್ಲಿ ಲವಣ ಸಾಂದ್ರವಾಗಿರುವುದರಿಂದ ನಾನು ಒಪ್ಪಲಿಲ್ಲ. ತಟ್ಟೆಯ ಅಂಚಿನಲ್ಲಿ ಕೊಳವೆಬಾವಿಯ ನೀರು ಬಿಟ್ಟ ಬಿಳಿಯ ಕಲೆಗಳೇ ಸಾಕಷ್ಟಿದ್ದವು. ಮಣ್ಣಿನ ಮೇಲೆ ತೆಂಗಿನ ನಾರಿನ ಹೊದಿಕೆ ಹಾಕಿದೆವು, ಮಧ್ಯಾಹ್ನದ ಮೇಲೆ ನೆರಳಿನ ಬಲೆ ಕಟ್ಟಿದೆವು. ಮರ ಮೂರನೆಯ ಒಂದು ಪಾಲು ಎಲೆಗಳನ್ನು ಉದುರಿಸಿತು. ಮೇ ತಿಂಗಳ ಮೊದಲ ಮಳೆಯ ನಂತರ ಆ ಕೊಂಬೆಗಳಲ್ಲೆಲ್ಲ ಒಂದೇ ವಾರದಲ್ಲಿ ಕೆಂಪು ಮೊಗ್ಗು ಕಟ್ಟಿದ್ದನ್ನು ನೋಡಿದ ದಿನ ನನಗಾದ ಸಂತೋಷ ದೊಡ್ಡದು.

ಮನೆಯೊಳಗೆ ಇಡಬಹುದೇ ಎಂಬುದು ಎಲ್ಲರ ಪ್ರಶ್ನೆ. ಇಡಬಾರದು. ಪ್ರಸಿದ್ಧ ಮಳಿಗೆಗಳ ಚಿತ್ರಗಳಲ್ಲಿ ದಿವಾನಖಾನೆಯ ಮೂಲೆಯಲ್ಲಿ ದೊಡ್ಡ ಬೋನ್ಸಾಯ್ ಬೆಳಗುತ್ತಿರುತ್ತದೆ. ಅದು ಆ ಚಿತ್ರ ತೆಗೆದ ದಿನದ ಮಟ್ಟಿಗೆ ನಿಜ. ಹಬ್ಬಕ್ಕೋ ನಾಮಕರಣಕ್ಕೋ ಎರಡು ದಿನ ಒಳಗೆ ತಂದಿಡುವುದರಿಂದ ಹಾನಿಯಿಲ್ಲ, ಆದರೆ 150 ಕಿಲೋ ಮರವನ್ನು ಹಾಗೆ ಒಳಗೆ ಹೊರಗೆ ಮಾಡುವವರು ಯಾರು? ಅದಕ್ಕೆ ದಿನಕ್ಕೆ ನಾಲ್ಕೈದು ಗಂಟೆಯ ನೇರ ಬಿಸಿಲು, ಗಾಳಿ, ಮಳೆ ಬೇಕು. ಒಳಾಂಗಣದ ತೊಟ್ಟಿ, ಮೇಲೆ ಬಯಲಾಗಿರುವ ನಡುಮನೆ ಇದ್ದ ಹಳೆಯ ತೊಟ್ಟಿಮನೆಗಳವರು ಭಾಗ್ಯವಂತರು, ಅಲ್ಲಿ ಇದಕ್ಕಿಂತ ಒಪ್ಪುವ ವಸ್ತು ಇನ್ನೊಂದಿಲ್ಲ.

ರೋಗ ರುಜಿನದ ಮಾತು ಬೇಗ ಮುಗಿಯುತ್ತದೆ. ಮೊದಲ ವರ್ಷ ಅಕ್ಟೋಬರಿನಲ್ಲಿ ಎಳೆಯ ಎಲೆಗಳೆಲ್ಲ ದೋಸೆಯಂತೆ ಮಡಚಿಕೊಂಡವು. ಬಿಡಿಸಿ ನೋಡಿದರೆ ಒಳಗೆ ಕಪ್ಪು ಚುಕ್ಕೆಗಳಂಥ ಥ್ರಿಪ್ಸ್ ನುಸಿ. ಕಿರುಗೋಳಿಯನ್ನು ಕಾಡುವ ಮುಖ್ಯ ಕೀಟವೇ ಇದು. ಮಡಚಿದ ಎಲೆಯೊಳಗೆ ಸಿಂಪಡಣೆ ತಲುಪುವುದಿಲ್ಲ, ಹಾಗಾಗಿ ಅವನ್ನು ಕೈಯಿಂದ ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ, ಉಳಿದವಕ್ಕೆ ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಹತ್ತು ದಿನಕ್ಕೊಮ್ಮೆ ಮೂರು ಬಾರಿ ಹೊಡೆದೆ. ಗೊಬ್ಬರಕ್ಕೆ ಹೊಂಗೆ ಹಿಂಡಿ ಮತ್ತು ಬೇವಿನ ಹಿಂಡಿ ಸಾಕು.

ನಾನು ಈ ಮರವನ್ನು ಕೊಂಡದ್ದು ಬಿಳಲಿಗಾಗಿ ಎಂದೆನಲ್ಲ, ಅದರ ಕಥೆ ಸ್ವಲ್ಪ ನಿಧಾನದ್ದು. ತಂದಾಗ ಎಡದ ದೊಡ್ಡ ಕೊಂಬೆಯ ಕೆಳಗೆ ದಾರದಂಥ ಎರಡು ಬಿಳಲುಗಳಿದ್ದವು, ಫೆಬ್ರುವರಿಯ ಒಣಗಾಳಿಗೆ ಎರಡೂ ತುದಿಯಿಂದ ಕಪ್ಪಾಗಿ ಉದುರಿದವು. ಕರಾವಳಿಯಲ್ಲಿ ಫೈಕಸ್ ಮರಗಳು ಬಿಳಲು ಬಿಡುವುದಕ್ಕೆ ಯಾರ ನೆರವೂ ಬೇಕಿಲ್ಲ, ಉಡುಪಿಯ ನೆಂಟರ ಮನೆಯಲ್ಲಿ ಬಕೆಟ್ಟಿನಲ್ಲಿಟ್ಟ ಗಿಡಕ್ಕೂ ಗಡ್ಡದಂತೆ ಬಿಳಲು ಇಳಿದಿವೆ. 900 ಮೀಟರಿಗೂ ಮೇಲಿರುವ ಬೆಂಗಳೂರಿನ ಒಣ ಹವೆಯಲ್ಲಿ ಮಳೆಗಾಲವನ್ನೇ ಕಾಯಬೇಕು. 2023ರ ಜೂನ್‌ನಲ್ಲಿ ಅದೇ ಕೊಂಬೆಯ ತೊಗಟೆಯ ಮೇಲೆ ಒದ್ದೆ ಪಾಚಿಯನ್ನು ಕಟ್ಟಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತ ಬಂದೆ. ಜುಲೈ ಕೊನೆಗೆ ತಿಳಿಹಳದಿ ಬಣ್ಣದ ಐದು ತುದಿಗಳು ಹೊರಬಂದವು. ಅವು ಗಾಳಿಗೆ ಒಣಗದಂತೆ ಪಾನಕ ಕುಡಿಯುವ ದಪ್ಪ ಕೊಳವೆಗಳನ್ನು ಉದ್ದಕ್ಕೆ ಸೀಳಿ, ಒಳಗೆ ಪಾಚಿ ತುಂಬಿ, ಬಿಳಲಿನ ಸುತ್ತ ಹೊದಿಸಿ, ಕೆಳತುದಿಯನ್ನು ಮಣ್ಣಿಗೆ ತಾಗಿಸಿದೆ. ಐದರಲ್ಲಿ ಮೂರು ಸೆಪ್ಟೆಂಬರಿನ ಹೊತ್ತಿಗೆ ಮಣ್ಣನ್ನು ಮುಟ್ಟಿದವು.

ಬಿಳಲು ಮಣ್ಣು ಮುಟ್ಟಿದ ಮೇಲೆ ಅದರ ನಡವಳಿಕೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಮೆತ್ತಗೆ ತೂಗಾಡುತ್ತಿದ್ದುದು, ನೆಲದಲ್ಲಿ ಬೇರೂರಿದ ಕೆಲವೇ ವಾರಗಳಲ್ಲಿ ತಂತಿಯಂತೆ ಬಿಗಿದುಕೊಳ್ಳುತ್ತದೆ, ಆಮೇಲೆ ದಪ್ಪವಾಗತೊಡಗುತ್ತದೆ, ಮತ್ತು ಮೇಲಿನ ಕೊಂಬೆಯೂ ಅದರ ಬಲದಿಂದ ಬಿಳಲಿನ ಆಚೆಗೆ ಹುರುಪಿನಿಂದ ಚಿಗುರುತ್ತದೆ. ಇಂದು ಆ ಮೂರರಲ್ಲಿ ಎರಡು ಪೆನ್ಸಿಲ್ ದಪ್ಪ, ಒಂದು ಕಿರುಬೆರಳ ದಪ್ಪ. ಒಂದಡಿಯ ಬೋನ್ಸಾಯ್‌ನಲ್ಲಿ ಇದು ಸಾಧ್ಯವಿಲ್ಲವೆಂದಲ್ಲ, ಆದರೆ ಅಲ್ಲಿ ಪೆನ್ಸಿಲ್ ದಪ್ಪದ ಬಿಳಲು ಕಾಂಡಕ್ಕೆ ಸಾಟಿಯಾಗಿಬಿಡುತ್ತದೆ. ಇಲ್ಲಿ ಅದು ಬಿಳಲಾಗಿಯೇ ಉಳಿದಿದೆ, ಮತ್ತು ಬೆಳಗಿನ ಓರೆ ಬಿಸಿಲು ಬಿದ್ದಾಗ ಕಾಂಡದ ಮೇಲೆ ಮೂರು ಗೆರೆಗಳ ನೆರಳು ಮೂಡಿಸುತ್ತದೆ. ಆ ಹೊತ್ತಿಗೆ ಕಾಫಿ ಲೋಟ ಹಿಡಿದು ಮೇಲೆ ಹೋಗುವುದು ನನ್ನ ದಿನಚರಿಯಾಗಿದೆ.

2025ರ ಏಪ್ರಿಲ್‌ನಲ್ಲಿ, ಮರ ಪೂರ್ಣ ಚೇತರಿಸಿಕೊಂಡಿದೆಯೆಂದು ಖಚಿತವಾದ ಮೇಲೆ, ಮೊದಲ ಬಾರಿಗೆ ಎಲ್ಲ ಎಲೆಗಳನ್ನೂ ತೊಟ್ಟು ಉಳಿಸಿ ಕತ್ತರಿಸಿದೆ. ಅದಕ್ಕೆ ಎರಡು ಭಾನುವಾರಗಳು ಹಿಡಿದವು. ಕತ್ತರಿಸಿದಲ್ಲೆಲ್ಲ ಬಿಳಿ ಹಾಲು ಒಸರುತ್ತದೆ, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಬೋಳಾದ ಮರವನ್ನು ನೋಡಿ ಅಮ್ಮ ಬಹಳ ನೊಂದುಕೊಂಡರು. ಮೂರನೆಯ ವಾರ ಬಂದ ಹೊಸ ಎಲೆಗಳು ಹಳೆಯವುಗಳ ಮುಕ್ಕಾಲು ಭಾಗದಷ್ಟೇ ಇದ್ದವು, ಸಂಖ್ಯೆಯಲ್ಲಿ ಹೆಚ್ಚು. ಬಳಲಿದ ಮರಕ್ಕೆ, ಅಥವಾ ಮಣ್ಣು ಬದಲಾಯಿಸಿದ ವರ್ಷದಲ್ಲೇ ಇದನ್ನು ಮಾಡಿದರೆ ಕೊಂಬೆಗಳನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಅಮ್ಮನ ನೋವಿಗೆ ಇನ್ನೊಂದು ಆಳವೂ ಇತ್ತು. ಬೆಳೆಯಬೇಕಾದ ಮರವನ್ನು ಹೀಗೆ ಕುಗ್ಗಿಸಿಡುವುದು ಪಾಪವಲ್ಲವೇ ಎಂದು ಅವರು ಕೇಳಿದ್ದರು. ಅರಳಿ ಬೇಡ, ಅದರ ಜಾಗ ಕಟ್ಟೆ, ಮನೆಯಲ್ಲ ಎಂದು ಅವರು ಹೇಳಿದ್ದರಿಂದಲೇ ನಾನು ಅರಳಿಯನ್ನು ಆರಿಸಲಿಲ್ಲ. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಪಾಪದ ಪ್ರಶ್ನೆಗೆ ನನ್ನ ಉತ್ತರ ಬೇರೆ. ಹಸಿವಿನಿಂದ ಕುಬ್ಜವಾದ ಮರ ಬೋನ್ಸಾಯ್ ಅಲ್ಲ. ಬೇರು ಸವರಿ, ಹೊಸ ಮಣ್ಣು ಕೊಟ್ಟು, ಗೊಬ್ಬರ ಹಾಕಿ, ಮತ್ತೆ ಮತ್ತೆ ಎಳೆತನಕ್ಕೆ ಮರಳಿಸುತ್ತ ಹೋಗುವುದರಿಂದ ಅದು ಬಹುಕಾಲ ಬಾಳುತ್ತದೆ. ಅಮೆರಿಕದ ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿರುವ ಯಮಾಕಿ ಪೈನ್ 1625ರಿಂದ ಮನುಷ್ಯರ ಆರೈಕೆಯಲ್ಲಿದೆ. 1945ರಲ್ಲಿ ಹಿರೋಷಿಮಾದ ಮೇಲೆ ಬಾಂಬು ಬಿದ್ದಾಗ ಅದು ಅದೇ ಊರಿನ ಯಮಾಕಿ ಕುಟುಂಬದ ಅಂಗಳದಲ್ಲಿತ್ತು, ಗೋಡೆಯ ಮರೆಯಲ್ಲಿದ್ದು ಉಳಿಯಿತು. 1976ರಲ್ಲಿ ಜಪಾನ್ ಅಮೆರಿಕಕ್ಕೆ ಕೊಡುಗೆಯಾಗಿ ನೀಡಿದ ಮರಗಳಲ್ಲಿ ಅದೂ ಒಂದು. ನಾಲ್ಕುನೂರು ವರ್ಷ ಒಂದು ದಿನವೂ ಬಿಡದೆ ಯಾರೋ ಒಬ್ಬರು ನೀರು ಹಾಕಿದ್ದಾರೆ. ಇದನ್ನು ಹೇಳಿದಾಗ ಅಮ್ಮ ಏನೂ ಮಾತಾಡಲಿಲ್ಲ, ಆದರೆ ನಾನು ಊರಲ್ಲಿಲ್ಲದ ದಿನ ಮರಕ್ಕೆ ನೀರು ಹಾಕುವವರು ಅವರೇ.

ತೋಟಕ್ಕಾಗಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಈಚೆಗೆ ಹೊಸ ಬಡಾವಣೆಗಳ ಬಂಗಲೆಗಳ ಮುಂದೆ ಆರೆಂಟು ಅಡಿ ಎತ್ತರದ, ಹಾವಿನಂತೆ ಸುತ್ತಿದ ಕಾಂಡದ, ಕೊಂಬೆಯ ತುದಿಗೊಂದರಂತೆ ದುಂಡನೆಯ ಎಲೆಯುಂಡೆಗಳಿರುವ ಫೈಕಸ್ ಗಿಡಗಳು ದೊಡ್ಡ ಬೋನ್ಸಾಯ್ ಎಂಬ ಹೆಸರಿನಲ್ಲಿ ಬರುತ್ತಿವೆ. ಅವು ಕತ್ತರಿಯಿಂದ ಆಕಾರ ಕೊಟ್ಟ ಅಲಂಕಾರದ ಗಿಡಗಳು. ಇಷ್ಟವಾದರೆ ಕೊಳ್ಳಬಹುದು, ಬೋನ್ಸಾಯ್‌ನ ಬೆಲೆ ಕೊಡಬೇಕಿಲ್ಲ. ಅವನ್ನು ನೆಲದಲ್ಲಿ ನೆಡುವುದಂತೂ ಅಪಾಯ. ಫೈಕಸ್ ಬೇರು ನೀರಿನ ಸಂಪು, ಚರಂಡಿಯ ಕೊಳವೆ, ಕಾಂಪೌಂಡ್ ಗೋಡೆಗಳನ್ನು ಸೀಳಬಲ್ಲದು. ತೋಟದಲ್ಲಿ ದೊಡ್ಡ ಬೋನ್ಸಾಯ್ ಇಡುವ ಒಳ್ಳೆಯ ಕ್ರಮವೆಂದರೆ ಎರಡಡಿ ಎತ್ತರದ ಕಲ್ಲಿನ ಪೀಠದ ಮೇಲೆ, ಹಿನ್ನೆಲೆಗೆ ಬರಿಯ ಗೋಡೆಯೋ ಆಕಾಶವೋ ಇರುವಂತೆ ಇಡುವುದು. ಬಣ್ಣದ ಹೂವಿನ ಕುಂಡಗಳ ನಡುವೆ ಇಟ್ಟರೆ ಅದರ ಗಾತ್ರವೂ ಕಾಣದು, ಗಾಂಭೀರ್ಯವೂ ಕಾಣದು.

ಫೈಕಸ್ ಬೇಡವೆನ್ನುವವರಿಗೆ ಹುಣಸೆ ಬಹಳ ಒಳ್ಳೆಯ ಆಯ್ಕೆ. ಅದರ ಕಿರುಎಲೆ ಹುಟ್ಟಿನಿಂದಲೇ ಸಣ್ಣದು, ತೊಗಟೆ ಬೇಗ ಬಿರಿದು ಮುಪ್ಪಿನ ಕಳೆ ಬರುತ್ತದೆ. ಕಾಗದದ ಹೂವು ದೊಡ್ಡ ಗಾತ್ರದಲ್ಲಿ ಮನೋಹರ, ಹೂವಿನ ತಿಂಗಳುಗಳಲ್ಲಿ ಮಾತ್ರ. ಜುನಿಪರ್ ನಮ್ಮ ಬಯಲುಸೀಮೆಯ ಬೇಸಿಗೆಗೆ ಸೊರಗುತ್ತದೆ.

ಮರದ ಬೆಲೆಯ ಹೊರತಾಗಿ ಸಾಗಾಣಿಕೆಗೆ 3,500 ರೂಪಾಯಿ, ಪೀಠಕ್ಕೆ 4,000, ವರ್ಷಕ್ಕೆ ಗೊಬ್ಬರ, ಎಣ್ಣೆ, ಅಲ್ಯೂಮಿನಿಯಂ ತಂತಿಗೆ ಸುಮಾರು 1,500 ಖರ್ಚಾಗಿದೆ. ಬಾಗಿಸಲೆಂದು ತಂತಿ ಸುತ್ತಿದ ಕೊಂಬೆಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಬೇಕು, ನಾನು ಒಮ್ಮೆ ಮರೆತದ್ದರಿಂದ ಬಲಗೊಂಬೆಯ ಮೇಲೆ ಸುರುಳಿಯ ಗುರುತು ಇಂದಿಗೂ ಉಳಿದಿದೆ. ತಿಂಗಳಲ್ಲಿ ಹತ್ತು ದಿನ ಹೊರಗಿರುವವರು, ನೀರು ಹಾಕುವ ಇನ್ನೊಂದು ಕೈ ಮನೆಯಲ್ಲಿಲ್ಲದವರು, ಎರಡು ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರು ದಯವಿಟ್ಟು ಇದನ್ನು ಕೊಳ್ಳಬೇಡಿ. ಉಳಿದವರಿಗೆ, ಅದರಲ್ಲೂ ತಾರಸಿಯೋ ಅಂಗಳವೋ ಇದ್ದು, ಐದಾರು ಸಣ್ಣ ಗಿಡಗಳಿಗೆ ಹಣ ಚೆಲ್ಲಬೇಕೆಂದಿರುವವರಿಗೆ, ಆ ಹಣವನ್ನು ಕೂಡಿಸಿಟ್ಟು ಒಳ್ಳೆಯ ಬುಡವಿರುವ ಒಂದೇ ಒಂದು ದೊಡ್ಡ ಮರವನ್ನು ತನ್ನಿ ಎಂದು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ.

ಈ ಆಗಸ್ಟ್‌ನಲ್ಲಿ ಮರ ಮೊದಲ ಬಾರಿಗೆ ಕಾಯಿ ಬಿಟ್ಟಿತು. ಎಲೆಯ ಕಂಕುಳಲ್ಲಿ ಹಸಿರು ಮಣಿಗಳಂಥ ಹತ್ತು ಹನ್ನೆರಡು ಕಾಯಿಗಳು, ಬೀದಿಬದಿಯ ದೊಡ್ಡ ಮರದಲ್ಲಿರುವಷ್ಟೇ ಗಾತ್ರದವು. ಅವು ಬಣ್ಣ ತಿರುಗುತ್ತಿದ್ದಂತೆ ಒಂದು ಜೋಡಿ ಪಿಕಳಾರ ಬಂದು ಎರಡೇ ದಿನದಲ್ಲಿ ಮುಗಿಸಿದವು. ಬರುವ ಮೇ ತಿಂಗಳಿಗೆ ಮತ್ತೆ ಮಣ್ಣು ಬದಲಾಯಿಸಬೇಕು. ಈ ಬಾರಿ ತಟ್ಟೆಯಿಂದ ಮರವನ್ನು ಎತ್ತುವಾಗ ಮೂರು ಬಿಳಲುಗಳ ಬೇರುಗಳಿಗೆ ಪೆಟ್ಟಾಗದಂತೆ ಅವನ್ನು ಕೊಂಬೆಯೊಂದಿಗೆ ಬಿದಿರು ಕಡ್ಡಿಗಳಿಂದ ಕಟ್ಟಿ ಒಟ್ಟಿಗೇ ಎತ್ತಬೇಕೆಂದು ನರ್ಸರಿಯ ಕೆಲಸಗಾರ ಹೇಳಿದ್ದಾನೆ. ನಾಲ್ವರು ಸಾಲದು, ಐವರನ್ನು ಕರೆಸಬೇಕು.